ಅವ್ವನ ತಾಳಿ ಇದ್ದ ಮಾತ್ರೆ ಕವರ್

ಅವ್ವ ಬಚ್ಚಲಲ್ಲಿ ಜಾರಿ ಬಿದ್ದದ್ದು 2024ರ ನವೆಂಬರಿನಲ್ಲಿ. ಗದ್ದೆ ಕೊಯ್ಲಿಗೆ ಬಂದಿತ್ತು, ಆಳು ಸಿಗ್ತಿರಲಿಲ್ಲ, ಅಪ್ಪನೂ ತಮ್ಮನೂ ಅದೇ ಓಡಾಟದಲ್ಲಿದ್ದರು. ಎಕ್ಸ್‌ರೇ ನೋಡಿದ ಡಾಕ್ಟರು ಸೊಂಟದ ಹತ್ತಿರ ತೊಡೆಮೂಳೆ ಮುರಿದಿದೆ, ಆಪರೇಷನ್ ಆಗಲೇಬೇಕು ಅಂದರು. ನಮ್ಮ ಕಡೆಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ಯಾವ ಆಸ್ಪತ್ರೆ ಅನ್ನೋದು ಬೇಡ. ಆಪರೇಷನ್ ಮಾಡಿದ ಡಾಕ್ಟರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ, ಅವ್ವ ಇವತ್ತು ನಡೀತಾ ಇರೋದು ಅವರಿಂದ.

ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವಂತಿಲ್ಲ, ಹಾಗಾಗಿ ಜೊತೆಗೆ ಇದ್ದದ್ದು ನಾನೊಬ್ಬಳೇ. ಮಂಚದ ಕೆಳಗೆ ಚಾಪೆ, ತಲೆಗೆ ಬ್ಯಾಗು. ಮಂಚದ ಪಕ್ಕ ಒಂದು ಕಬ್ಬಿಣದ ಸಣ್ಣ ಬೀರು ಇತ್ತು, ಅದರ ಬಾಗಿಲಿಗೆ ಚಿಲಕವೇ ಇರಲಿಲ್ಲ, ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟಿದ್ದರು. ಮೂವತ್ತು ಮಂಚದ ವಾರ್ಡಿಗೆ ಫೋನ್ ಚಾರ್ಜ್ ಮಾಡೋಕೆ ಕೆಲಸ ಮಾಡುವ ಪ್ಲಗ್ಗು ಇದ್ದದ್ದು ಎರಡೇ, ಅದೂ ಬಾಗಿಲ ಹತ್ತಿರ. ರಾತ್ರಿ ಎಲ್ಲರ ಫೋನೂ ಅಲ್ಲೇ ಸಾಲಾಗಿ ಬಿದ್ದಿರುತ್ತಿದ್ದವು. ಗೋಡೆಯ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ 'ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು' ಅಂತ ಬರೆದಿತ್ತು.

ಆಪರೇಷನ್ ದಿನ ಬೆಳಿಗ್ಗೆ ಆರೂವರೆಗೆ ಸಿಸ್ಟರ್ ಬಂದು, "ಮೈಮೇಲೆ ಒಂದು ಚೂರು ಒಡವೆನೂ ಇರಬಾರದು, ಎಲ್ಲಾ ತೆಗೀರಿ" ಅಂದು ಹೋದರು. ಅದಕ್ಕೆ ಕಾರಣ ಇದೆ. ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸೋಕೆ ಕರೆಂಟಿನ ಉಪಕರಣ ಬಳಸ್ತಾರೆ, ಮೈಮೇಲೆ ಲೋಹ ಇದ್ದರೆ ಅಲ್ಲಿ ಸುಟ್ಟ ಗಾಯ ಆಗಬಹುದು. ಬೆರಳು ಊದಿಕೊಂಡರೆ ಉಂಗುರ ಕಚ್ಚಿಕೊಂಡು ರಕ್ತ ಓಡಾಡೋದಿಲ್ಲ. ಇದೆಲ್ಲ ಆಮೇಲೆ ಅರಿವಳಿಕೆ ಡಾಕ್ಟರು ಹೇಳಿದ್ದು. ಆವತ್ತು ಅವ್ವನಿಗೆ ಯಾರೂ ಹೇಳಲಿಲ್ಲ. ಅವಳು ನನ್ನ ಮುಖ ನೋಡಿ, "ತಾಳಿನೂ ತೆಗೀಬೇಕೇನವ್ವ?" ಅಂತ ಕೇಳಿದಳು. ನಲವತ್ತೊಂದು ವರ್ಷದಲ್ಲಿ ಅದು ಅವಳ ಕತ್ತಿನಿಂದ ಇಳಿದದ್ದೇ ಇಲ್ಲ. ದಾರ ಬದಲಾಯಿಸುವಾಗಲೂ ಹೊಸದನ್ನು ಹಾಕಿಕೊಂಡೇ ಹಳೇದನ್ನು ತೆಗೆಯುತ್ತಿದ್ದವಳು.

ಬೆಂಡೋಲೆ ಸುಲಭವಾಗಿ ಬಂತು. ಮೂಗುಬೊಟ್ಟಿನ ತಿರುಪು ಅಂಟಿಕೊಂಡಿತ್ತು, ಕೊಬ್ಬರಿ ಎಣ್ಣೆ ಹಚ್ಚಿ ತಿರುಗಿಸಬೇಕಾಯ್ತು. ಕಾಲುಂಗುರಕ್ಕೆ ಸೋಪಿನ ನೀರು. ಕೊನೆಗೆ ಕರಿಮಣಿ ಸರ, ಎರಡು ತಾಳಿ, ನಾಲ್ಕು ಗುಂಡು. ಎಲ್ಲವನ್ನೂ ಔಷಧಿ ಅಂಗಡಿಯವರು ಮಾತ್ರೆ ಹಾಕಿಕೊಟ್ಟಿದ್ದ ಒಂದು ಕಾಗದದ ಕವರಿಗೆ ಹಾಕಿ, ಸೀರೆಯೊಳಗೆ ಸುತ್ತಿ, ಬ್ಯಾಗಿನ ತಳಕ್ಕೆ ತುರುಕಿದೆ.

ಇದನ್ನೆಲ್ಲ ಎದುರು ಮಂಚದ ಹತ್ತಿರ ಕೂತು ಒಬ್ಬ ಹೆಂಗಸು ನೋಡ್ತಾ ಇದ್ದಳು. ನಲವತ್ತರ ಆಸುಪಾಸು, ಅಚ್ಚುಕಟ್ಟಾಗಿ ಸೀರೆ ಉಟ್ಟಿದ್ದಳು. ಹಿಂದಿನ ದಿನ ಸಂಜೆಯಿಂದ ಓಡಾಡಿಕೊಂಡಿದ್ದಳು, ಅತ್ತೆಯನ್ನು ಮೇಲಿನ ವಾರ್ಡಿಗೆ ಸೇರಿಸಿದ್ದೀನಿ, ಅಲ್ಲಿ ಕೂರೋಕೆ ಜಾಗ ಇಲ್ಲ ಅಂದಿದ್ದಳು. ಪಕ್ಕದ ಮಂಚದ ಅಜ್ಜಿಗೆ ಬಿಸಿನೀರು ತಂದುಕೊಟ್ಟಿದ್ದಳು, ನನಗೆ ಕಾಫಿ. ಆಸ್ಪತ್ರೆಯಲ್ಲಿ ಯಾರಾದರೂ ಒಂದು ಲೋಟ ಕಾಫಿ ಕೊಟ್ಟರೆ ಅವರು ನಮ್ಮವರಾಗಿಬಿಡ್ತಾರೆ ಅಲ್ವಾ? ಎಷ್ಟು ದಿನದ ನಿದ್ದೆಗೆಟ್ಟ ಮನಸ್ಸು ಅದು.

ಎಂಟೂವರೆಗೆ ಸ್ಟ್ರೆಚರ್ ಬಂತು. ತಳ್ಳೋಕೆ ಒಬ್ಬರೇ ಇದ್ದರು, ಇನ್ನೊಂದು ಕಡೆ ನಾನೇ ಹಿಡೀಬೇಕಿತ್ತು, ಕೈಯಲ್ಲಿ ಎಕ್ಸ್‌ರೇ, ಫೈಲು, ಆಧಾರ್ ಕಾರ್ಡು, ರೇಷನ್ ಕಾರ್ಡು. ಆ ಹೆಂಗಸು ಎದ್ದು ಬಂದು, "ನೀನ್ ಹೋಗಕ್ಕ, ಬ್ಯಾಗ್ ನಾನ್ ನೋಡ್ಕೋತೀನಿ, ಅಮ್ಮ ಮುಖ್ಯ" ಅಂದಳು. ಹೋದೆ. ಓ.ಟಿ. ಬಾಗಿಲಲ್ಲಿ ಅವ್ವ ಕೈ ಬಿಡಲಿಲ್ಲ, ಬೋಳು ಕತ್ತನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದಳು. ಅಷ್ಟರಲ್ಲಿ ಔಷಧಿ ಚೀಟಿ ಕೊಟ್ಟರು, ಕೆಳಗೆ ಓಡಿದೆ, ರಕ್ತದ ಬಾಟಲಿ ತರಬೇಕು ಅಂದರು, ಆ ಕಟ್ಟಡಕ್ಕೆ ಓಡಿದೆ. ವಾರ್ಡಿಗೆ ವಾಪಸ್ ಬಂದಾಗ ಹತ್ತು ಗಂಟೆ ದಾಟಿತ್ತು.

ಬ್ಯಾಗು ಇಟ್ಟ ಜಾಗದಲ್ಲೇ ಇತ್ತು. ಜಿಪ್ಪು ಕೂಡ ಹಾಕಿತ್ತು. ಸೀರೆ ಮಡಿಸಿದಂತೆಯೇ ಇತ್ತು. ಕವರ್ ಮಾತ್ರ ಇರಲಿಲ್ಲ. ಪಕ್ಕದ ಮಂಚದ ಅಜ್ಜಿಯ ಮೊಮ್ಮಗಳು ಅದೇ ಹೊತ್ತಿಗೆ ಪ್ಲಗ್ಗಿನ ಹತ್ತಿರ ನಿಂತು, "ನನ್ ಫೋನ್ ಎಲ್ಲಿ, ಇಲ್ಲೇ ಹಾಕಿದ್ದೆ" ಅಂತ ಅಳ್ತಾ ಇದ್ದಳು.

ನಾನು ಕೂಗಾಡಿದೆ. ಜನ ಸೇರಿದರು. ಆಮೇಲೆ ನಡೆದದ್ದನ್ನು ಬರೆಯೋಕೆ ನನಗೆ ಈಗಲೂ ಕಷ್ಟ. ಸೆಕ್ಯೂರಿಟಿಯವನು ಬಂದವನೇ ಯಾರನ್ನೂ ಏನೂ ಕೇಳದೆ ವಾರ್ಡಿನ ಆಯಾನ ಕರೆದ. ಅವಳು ಮೂಲೆಯಲ್ಲಿ ನೆಲ ಒರೆಸ್ತಾ ಇದ್ದಳು. "ಬ್ಯಾಗ್ ತಗೊಂಡ್ ಬಾ" ಅಂದ. ಅವಳು ತಂದಳು. ಯಾರೂ ಹೇಳುವ ಮುಂಚೆ ತಾನೇ ಎಲ್ಲವನ್ನೂ ಒಂದೊಂದಾಗಿ ತೆಗೆದು ನೆಲದ ಮೇಲೆ ಇಟ್ಟಳು. ಮುದ್ದೆ ಡಬ್ಬಿ, ಒಂದು ಹಳೇ ಟವೆಲ್ಲು, ಬಿ.ಪಿ. ಮಾತ್ರೆ, ಚಿಲ್ಲರೆ ದುಡ್ಡು, ಯಾರೋ ಮನೆಗೆ ಹೋಗುವಾಗ ಕೊಟ್ಟ ಅರ್ಧ ಪ್ಯಾಕೆಟ್ ಬ್ರೆಡ್ಡು. ಮೂರು ದಿನದಿಂದ ಮೂಗು ಮುರಿಯದೆ ಅವ್ವನ ಬೆಡ್‌ಪ್ಯಾನ್ ತೆಗೆದಿದ್ದು ಅವಳೇ. ನನ್ನ ಬಾಯಿಂದ "ಬೇಡ, ಬಿಡಿ" ಅನ್ನುವ ಮಾತು ಬರಲಿಲ್ಲ. ನಾನೂ ಬಗ್ಗಿ ನೋಡ್ತಾ ನಿಂತಿದ್ದೆ.

ಕಾಫಿ ಕೊಟ್ಟ ಹೆಂಗಸು ಎಲ್ಲಿ ಅಂತ ಕೇಳಿದ್ದು ಅಜ್ಜಿ. ಮೇಲಿನ ವಾರ್ಡಿಗೆ ಹೋಗಿ ವಿಚಾರಿಸಿದರೆ ಅಂಥ ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ. ಎರಡು ದಿನ ಓಡಾಡಿದವಳ ಹತ್ತಿರ ಪಾಸ್ ಇದೆಯಾ ಅಂತ ಯಾರೂ ಕೇಳಿರಲಿಲ್ಲ. ಕಾರಿಡಾರಿನಲ್ಲಿ ಎರಡು ಕ್ಯಾಮೆರಾ ಇದ್ದವು. ಒಂದು ಕೆಟ್ಟಿತ್ತು. ಇನ್ನೊಂದರಲ್ಲಿ ಒಂಬತ್ತೂಕಾಲಿಗೆ ಸೆರಗು ಹೊದ್ದು ಮೆಟ್ಟಿಲು ಇಳಿಯುವ ಬೆನ್ನು ಕಾಣ್ತಿತ್ತು, ಅಷ್ಟೇ.

ಆಸ್ಪತ್ರೆಯ ಆವರಣದಲ್ಲೇ ಪೊಲೀಸ್ ಹೊರಠಾಣೆ ಇದೆ. ಅಲ್ಲಿದ್ದವರು, "ಕಳೆದುಹೋಗಿದೆ ಅಂತ ಬರ್ಕೊಡಿ, ಸಾಕು" ಅಂದರು. ಈ ಮಾತು ಎಲ್ಲರಿಗೂ ಹೇಳ್ತಾರೆ ಅಂತ ಆಮೇಲೆ ಗೊತ್ತಾಯ್ತು. ಕಳೆದುಹೋದದ್ದು ಅಂತ ಬರೆದುಕೊಟ್ಟರೆ ಒಂದು ಸ್ವೀಕೃತಿ ಸಿಗುತ್ತೆ, ಯಾರೂ ಯಾರನ್ನೂ ಹುಡುಕಬೇಕಿಲ್ಲ. ನನ್ನ ಚಿಕ್ಕಪ್ಪನ ಮಗ ವಕೀಲ, ಅವನಿಗೆ ಫೋನ್ ಮಾಡಿದೆ. "ಅಕ್ಕ, 'ಕಳ್ಳತನ' ಅನ್ನೋ ಪದ ಬಿಡಬೇಡ" ಅಂದ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಕಳ್ಳತನಕ್ಕೆ ಹಳೇ ಐಪಿಸಿಯ 379ರ ಬದಲು ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್, ಎಫ್‌ಐಆರ್ ಪ್ರತಿ ದುಡ್ಡಿಲ್ಲದೆ ಕೊಡಲೇಬೇಕು ಅಂತಲೂ ಹೇಳಿದ. ಅವ್ವ ಇನ್ನೂ ಆಪರೇಷನ್ ಟೇಬಲ್ ಮೇಲೆ, ನಾನು ಠಾಣೆಯ ಬೆಂಚಿನ ಮೇಲೆ. ಅಂತೂ ಸಂಜೆ ಹೊತ್ತಿಗೆ ಎಫ್‌ಐಆರ್ ಆಯ್ತು. ಒಡವೆಯ ತೂಕ ಕೇಳಿದಾಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪ ಊರಿಂದ ಫೋನಿನಲ್ಲಿ ಹೇಳಿದ, "ಸರ ಇಪ್ಪತ್ತೆರಡು ಗ್ರಾಂ, ಓಲೆ ಆರು. ತಾಳಿ ಒಂದು ಬಿಟ್ಟು ಎರಡು ಸಲ ಬ್ಯಾಂಕಲ್ಲಿ ಅಡ ಇಟ್ಟಿದ್ನಲ್ಲ, ಮರೆಯಕ್ಕಾಯ್ತದಾ."

ಹುಡುಗಿಯ ಫೋನಿಗೆ ಒಂದು ದಾರಿ ಇತ್ತು. ಅದರ ಡಬ್ಬಿಯ ಮೇಲೆ ಫೋನಿನ ಗುರುತಿನ 15 ಅಂಕಿಯ ಐಎಂಇಐ ನಂಬರ್ ಇತ್ತು. ಎಫ್‌ಐಆರ್ ಪ್ರತಿ, ಗುರುತಿನ ಚೀಟಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಸಿಇಐಆರ್ ಅನ್ನೋ ಕಡೆ ಹಾಕಿದೆವು. ಹಾಗೆ ಹಾಕಿದರೆ ಆ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ಕೆಲಸ ಮಾಡೋದಿಲ್ಲ, ಯಾರಾದರೂ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತೆ. ಎರಡೂವರೆ ತಿಂಗಳಿಗೆ ಅವಳ ಫೋನು ಪಕ್ಕದ ಜಿಲ್ಲೆಯಲ್ಲಿ ಸಿಕ್ಕಿತು, ಯಾರೋ ಪಾಪ ಅಂಗಡಿಯಲ್ಲಿ ಕೊಂಡಿದ್ದರು. ಮಾರಿದವರು ಯಾರು ಅನ್ನೋದು ಅಂಗಡಿಯವನಿಗೆ ಗೊತ್ತಿಲ್ಲವಂತೆ. ಬಂಗಾರಕ್ಕೆ ಅಂಥ ನಂಬರ್ ಇರೋದಿಲ್ಲ. ಒಂದು ಸಲ ಕರಗಿಸಿದರೆ ಅದು ಯಾರ ಕತ್ತಿನಲ್ಲಿತ್ತು ಅಂತ ಯಾರಿಗೆ ಗೊತ್ತಾಗುತ್ತೆ.

ಹುಡುಗಿ ಫೋನ್ ಮಾಡಿ ವಿಷಯ ಹೇಳಿದ ದಿನ ನನಗೆ 2021ರ ಕೊರೊನಾ ಕಾಲ ನೆನಪಾಯ್ತು. ಕೊಡಗಿನ ಒಬ್ಬ ಪುಟ್ಟ ಹುಡುಗಿ ಪತ್ರ ಬರೆದಿದ್ದಳು, ತೀರಿಹೋದ ಅಮ್ಮನ ಮೊಬೈಲ್ ಆಸ್ಪತ್ರೆಯಲ್ಲಿ ಕಾಣೆಯಾಗಿದೆ, ಅದರಲ್ಲಿ ಅಮ್ಮನ ನೆನಪುಗಳಿವೆ, ಸಿಕ್ಕಿದವರು ಕೊಟ್ಟುಬಿಡಿ ಅಂತ. ಆಗ ಓದಿ ಅತ್ತಿದ್ದೆ. ಮೂರು ತಿಂಗಳ ಮೇಲೆ ಆ ಫೋನು ಆಸ್ಪತ್ರೆಯಲ್ಲೇ ಸಿಕ್ಕಿತು. ಬರೆದಿಟ್ಟುಕೊಳ್ಳುವ ಒಂದು ಪುಸ್ತಕ ಇದ್ದಿದ್ದರೆ, ರೋಗಿಯ ಹೆಸರು ಬರೆದ ಒಂದು ಕವರ್ ಇದ್ದಿದ್ದರೆ, ಆ ಮಗು ಮೂರು ತಿಂಗಳು ಕಾಯಬೇಕಿರಲಿಲ್ಲ ಅಂತ ನನಗೆ ಅನ್ನಿಸೋದು. ಕಳ್ಳರು ಎಲ್ಲ ಕಡೆ ಇರ್ತಾರೆ, ಒಪ್ಪುತ್ತೇನೆ. ಆದರೆ ತೆಗೀರಿ ಅಂತ ಹೇಳಿದ್ದು ಆಸ್ಪತ್ರೆ. ಔಷಧಿಗೆ, ರಕ್ತಕ್ಕೆ ಅಂತ ನನ್ನನ್ನು ಓಡಿಸಿದ್ದೂ ಆಸ್ಪತ್ರೆ. ಮಲಗಿಸಿ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟವಳು ತನ್ನ ವಸ್ತುವಿಗೆ ಅದು ಹೇಗೆ ತಾನೇ ಜವಾಬ್ದಾರಳು? ಮಂಚಕ್ಕೊಂದು ಚಿಲಕ, ಒಂದು ಬೀಗ ಅಷ್ಟೊಂದು ದೊಡ್ಡ ಖರ್ಚಾ? ಸೂಪರಿಂಟೆಂಡೆಂಟರಿಗೆ ಇದನ್ನೇ ಎರಡು ಪುಟ ಬರೆದುಕೊಟ್ಟೆ. ಸ್ವೀಕರಿಸಿದ್ದೇವೆ ಅಂತ ಸೀಲು ಹಾಕಿದರು. ಮತ್ತೇನೂ ಬರಲಿಲ್ಲ.

ಅವ್ವ ವಾರ್ಡಿಗೆ ಬಂದು ಕಣ್ಣು ಬಿಟ್ಟ ತಕ್ಷಣ ಕತ್ತು ಮುಟ್ಟಿಕೊಂಡಳು. "ಕೊಡವ್ವ" ಅಂದಳು. ತಮ್ಮ ಮನೆಗೆ ತಗೊಂಡು ಹೋಗಿದ್ದಾನೆ, ಇಲ್ಲಿ ಬೇಡ ಅಂತ ಸುಳ್ಳು ಹೇಳಿದೆ. ಸುಳ್ಳು ನಾಲ್ಕು ದಿನ ನಡೀತು. ಐದನೇ ದಿನ ಅಪ್ಪ ಬಂದು ಮಂಚದ ಮೇಲೆ ಕೂತು, ಎಲ್ಲಾ ಹೇಳಿ, ಜೇಬಿನಿಂದ ಅರಿಶಿನದ ಕೊಂಬು ಕಟ್ಟಿದ ದಾರ ತೆಗೆದು ಅವಳ ಕತ್ತಿಗೆ ಕಟ್ಟಿದ. ಅವ್ವ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನನ್ನು ಕರೆದು, "ಆ ಆಯಾ ಹುಡುಗಿ ಬ್ಯಾಗ್ ಬಿಚ್ಚಿಸಿದರಂತಲ್ಲ, ನೀನ್ ಸುಮ್ನೆ ನಿಂತಿದ್ಯಾ?" ಅಂದಳು. ಅಜ್ಜಿ ಹೇಳಿಬಿಟ್ಟಿದ್ದರು.

ಅವತ್ತು ಸಂಜೆ ಹೋಗಿ ಆಯಾನ ಕ್ಷಮೆ ಕೇಳಿದೆ. ಅವಳು ಬಕೆಟ್ ಕೆಳಗಿಟ್ಟು, "ನೀವೇನ್ ಮಾಡ್ತೀರಕ್ಕ, ಏನ್ ಹೋದ್ರೂ ಮೊದ್ಲು ನಮ್ ಬ್ಯಾಗೇ. ಕಂಟ್ರಾಕ್ಟಿನವರು ನಾವು, ಬಾಯಿ ಬಿಟ್ರೆ ನಾಳೆ ಬರಬೇಡ ಅಂತಾರೆ" ಅಂದಳು. ಬೈದಿದ್ದರೆ ನನಗೆ ಎಷ್ಟೋ ಹಗುರ ಆಗ್ತಿತ್ತು.

ಒಡವೆ ಸಿಗಲಿಲ್ಲ. ಬಂಗಾರವಂತೂ 2025ರಲ್ಲೇ ಹತ್ತು ಗ್ರಾಮಿಗೆ 1 ಲಕ್ಷ ದಾಟಿತು, ಅವ್ವ ಅರಿಶಿನದ ಕೊಂಬೇ ಸಾಕು ಅಂತ ಹಟ ಹಿಡಿದಿದ್ದಾಳೆ.

ಹೋದ ತಿಂಗಳು ಅವಳಿಗೆ ಕಣ್ಣಿನ ಪೊರೆ ತೆಗೆಸೋಕೆ ಬೇರೊಂದು ಆಸ್ಪತ್ರೆಗೆ ಹೋಗಿದ್ದೆವು. ಅಲ್ಲೂ ಸಿಸ್ಟರ್ ಬಂದು ಮೈಮೇಲಿರೋದೆಲ್ಲ ತೆಗೀಬೇಕು ಅಂದರು. ಆದರೆ ಅವರ ಕೈಯಲ್ಲಿ ಒಂದು ದಪ್ಪ ಪುಸ್ತಕ ಇತ್ತು. ಅವ್ವ ತಾನೇ ದಾರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ಬರ್ಕೋತಾಯಿ" ಅಂದಳು. ಸಿಸ್ಟರ್ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ 'ಅರಿಶಿನದ ಕೊಂಬು 1, ದಾರ ಸಮೇತ' ಅಂತ ಬರೆದು, ನನ್ನ ಸಹಿ ಹಾಕಿಸಿ, ಅವ್ವನ ಹೆಸರಿನ ಕವರಿಗೆ ಹಾಕಿ ಅಂಟಿಸಿದರು.