“ಮತ್ತೆ ಇದನ್ನೆಲ್ಲ ಮಾಡಿದವರು ಯಾರ್ರಿ?”

ನಾನು ಗಂಗಾವತಿಯವನು. ದೇವರನ್ನು ನಂಬುವುದಿಲ್ಲ. ಬಂಡೆ ಕಂಡರೆ ಮಾತ್ರ ನಿಂತು ನೋಡುವ ಚಟ. ಇವೆರಡೂ ಒಬ್ಬನಲ್ಲೇ ಇರೋದು ಅದೇಕೋ ಜನಕ್ಕೆ ಒಗ್ಗುವುದಿಲ್ಲ. ನೆಂಟರನ್ನು ಆನೆಗೊಂದಿಗೆ ಕರೆದುಕೊಂಡು ಹೋಗಲಿ, ಬೆಂಗಳೂರಿನ ಗೆಳೆಯರಿಗೆ ಸಾಣಾಪುರದ ಕೆರೆ ತೋರಿಸಲಿ, ಸಂಜೆಯೊಳಗೆ ಆ ಮಾತು ಬಂದೇ ಬರುತ್ತದೆ: “ದೇವರಿಲ್ಲ ಅಂತೀರಿ. ಮತ್ತೆ ಇದನ್ನೆಲ್ಲ ಮಾಡಿದವರು ಯಾರ್ರಿ?” ನಮ್ಮ ಸೋದರಮಾವನ ಪ್ರಶ್ನೆ ಇನ್ನೂ ಖಡಕ್: “ದೇವರು ಬ್ಯಾಡ ಅಂದಮ್ಯಾಲ ಬಾಯಿ ಬಿಟ್ಕೊಂಡು ಏನ್ ನೋಡ್ತಿಯೋ?”

ಮಾವನ ಪ್ರಶ್ನೆಯೇ ನನಗೆ ಜಾಸ್ತಿ ಇಷ್ಟ. ಏನು ನೋಡುತ್ತೇನೆ ಅಂತ ಹೇಳಿಬಿಡುತ್ತೇನೆ.

ತುಂಗಭದ್ರೆಯ ಆಚೆ ಈಚೆ ಗುಡ್ಡಗಳಲ್ಲಿ ಗುಂಡಿನ ಮೇಲೆ ಗುಂಡು ಕೂತಿರುತ್ತದಲ್ಲ, ನಿಜಕ್ಕೂ ಯಾರೋ ಎತ್ತಿಟ್ಟ ಹಾಗೇ ಕಾಣುತ್ತದೆ. ಮನೆಯಷ್ಟು ದೊಡ್ಡ ಬಂಡೆ, ಕೆಳಗೆ ತಾಗಿರುವುದು ಒಂದಿಷ್ಟೇ ಜಾಗ. ವಾಲಿ ಸುಗ್ರೀವರು ಜಗಳದಲ್ಲಿ ಎಸೆದಾಡಿದ ಕಲ್ಲು ಅಂತ ನಮ್ಮ ಕಡೆ ಹೇಳುತ್ತಾರೆ. ಕಥೆ ಚೆನ್ನಾಗಿದೆ, ನಾನೂ ಮಕ್ಕಳಿಗೆ ಹೇಳುತ್ತೇನೆ. ಆದರೆ ಆ ಗುಂಡನ್ನು ಯಾರೂ ಎತ್ತಿಲ್ಲ, ಎಸೆದಿಲ್ಲ. ಅದು ತಾನಿದ್ದಲ್ಲೇ ಇದೆ. ಸುತ್ತ ಇದ್ದದ್ದು ಹೋಗಿದೆ.

ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲಿ, ಕರಗಿದ ಕಲ್ಲು ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಆಗ ಭೂಮಿಯ ಮೇಲೆ ಗಿಡವಿಲ್ಲ, ಪ್ರಾಣಿಯಿಲ್ಲ. ಗಾಳಿಯಲ್ಲಿ ಆಮ್ಲಜನಕ ಕೂಡ ಇರಲಿಲ್ಲ ಅಂದರೂ ನಡೆದೀತು. ಮೇಲಿನ ನೆಲವೆಲ್ಲ ಸವೆದು ಸವೆದು ಈ ಕಲ್ಲು ಬಯಲಿಗೆ ಬಂತು. ಹೊರೆ ಇಳಿದಾಗ ಕಲ್ಲು ಹಿಗ್ಗಿ ಬಿರುಕು ಬಿಟ್ಟಿತು. ಉದ್ದಕ್ಕೂ ಅಡ್ಡಕ್ಕೂ ಬಿರುಕು. ಅದರೊಳಗೆ ಮಳೆನೀರು ಇಳಿಯಿತು. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ನೀರಿಗೆ ಸಿಕ್ಕಿ ಮೆಲ್ಲಗೆ ಜೇಡಿಮಣ್ಣಾಗುತ್ತದೆ. ಚೌಕಾಕಾರದ ತುಂಡಿನ ಮೂಲೆಗೆ ನೀರು ಮೂರು ಕಡೆಯಿಂದ ತಾಗುತ್ತದೆ, ಹಾಗಾಗಿ ಮೂಲೆ ಮೊದಲು ಕರಗಿತು. ಚೌಕ ಹೋಗಿ ದುಂಡಾಯಿತು. ಇದೆಲ್ಲ ಆದದ್ದು ಮಣ್ಣಿನೊಳಗೇ! ಆಮೇಲೆ ಮಳೆಗೆ ಮಣ್ಣು ತೊಳೆದುಹೋಯಿತು, ಗುಂಡುಗಳು ಒಂದರ ಮೇಲೊಂದು ಉಳಿದವು.

ಯಾರೋ ಒಬ್ಬರು ಇಟ್ಟರು ಅಂದರೆ ನನಗೆ ಅಲ್ಲಿಗೆ ಮಾತು ಮುಗಿಯಿತು. ಶಕ್ತಿ ಇತ್ತು, ಇಟ್ಟರು. ಯಾರೂ ಇಡದೆ, ಬರೀ ನೀರು, ಬಿಸಿಲು, ಕಾಲ ಸೇರಿ ಹೀಗಾಯಿತು ಅಂದಾಗಲೇ ನನ್ನ ಬಾಯಿ ತೆರೆದುಕೊಳ್ಳುವುದು. ಮಾವನಿಗೆ ಇದನ್ನು ಹೇಳಿದೆ. “ಆ ನೀರು ಬಿಸಿಲು ಮಾಡಿದಾಂವ ಯಾರು?” ಅಂದರು. ಹಾಗಾದರೆ ಮಾಡಿದವನನ್ನು ಮಾಡಿದವರು ಯಾರು ಅಂತ ನಾನು ಕೇಳಲಿಲ್ಲ. ಹಿರಿಯರ ಹತ್ತಿರ ಅದೆಲ್ಲ ಬೇಡ.

ಗುಡ್ಡದಲ್ಲಿ ಬಂಡೆಯ ಮೇಲ್ಮೈ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತದೆ. ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದ ಹಿರೇಬೆಣಕಲ್ ಗುಡ್ಡದಲ್ಲಿ, ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಇದನ್ನು ಗಮನಿಸಿದ್ದರು. ತಾನಾಗಿ ಎದ್ದ ಚಪ್ಪಡಿಗಳನ್ನೇ ಬಿಡಿಸಿ ನಿಲ್ಲಿಸಿ, ಮೇಲೊಂದು ಮುಚ್ಚಿ, ಸತ್ತವರಿಗಾಗಿ ಕಲ್ಲಿನ ಕೋಣೆ ಕಟ್ಟಿದರು. ನಮ್ಮವರು ಅದನ್ನು ಮೋರೇರ ಗುಡ್ಡ ಅನ್ನುತ್ತಾರೆ. ನೂರಾರು ಗೋರಿಗಳಿವೆ. ಕೆಲವಕ್ಕೆ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಅದರ ಅಂಚನ್ನು ಬೆರಳಿಂದ ಸವರಿ ನೋಡಿ, ಕೊರೆದವನ ಶ್ರಮ ಗೊತ್ತಾಗುತ್ತದೆ. ಅಲ್ಲಿ ‘ಯಾರು ಮಾಡಿದ್ದು’ ಅನ್ನುವ ಪ್ರಶ್ನೆಗೆ ಅರ್ಥವಿದೆ, ಉತ್ತರವೂ ಇದೆ. ಜನ ಮಾಡಿದ್ದು. 2021ರಲ್ಲಿ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು. ಹಾಗಿದ್ದೂ, ಹನುಮಂತ ಹುಟ್ಟಿದ ಬೆಟ್ಟ ಅಂತ ಜನ ನಂಬುವ ಅಂಜನಾದ್ರಿಗೆ ಬರುವವರಲ್ಲಿ ಕಾಲುಭಾಗ ಜನ ಕೂಡ ಅತ್ತ ತಲೆ ಹಾಕುವುದಿಲ್ಲ ಅಂತ ನನ್ನ ಅಂದಾಜು.

ಚಂದದ ಮಾತಾಯಿತು. ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಈ ಕಲ್ಲಿನಲ್ಲಿ ಬಿಸಿಲಿಗೆ ಮಿಣಮಿಣ ಅನ್ನುತ್ತದಲ್ಲ, ಅದು ಕಾಗೆಬಂಗಾರ, ಅಂದರೆ ಅಭ್ರಕ. ಅದರ ಕಪ್ಪು ಜಾತಿಯಲ್ಲಿ, ಇನ್ನೂ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕಿನಲ್ಲಿ ನಿಂತ ನೀರಿಗೆ ಅದು ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಅದೇ ನೀರು ಬೋರಿನಲ್ಲಿ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ. ಇನ್ನೂ ಜಾಸ್ತಿಯಾದರೆ ಮೂಳೆ ಬಿರುಸಾಗಿ ಬೆನ್ನು ಬಗ್ಗುತ್ತದೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಅಂಥ ಹಲ್ಲು ಹುಡುಕಿಕೊಂಡು ಹೋಗಬೇಕಿಲ್ಲ.

ಬಂಡೆಯ ಚಂದಕ್ಕೆ ಒಬ್ಬನನ್ನು ಹೊಗಳಿದರೆ ಈ ಹಲ್ಲುಗಳ ಲೆಕ್ಕವನ್ನೂ ಅವನ ಹೆಸರಿಗೇ ಬರೆಯಬೇಕಲ್ವಾ? ಮಾವ ಅದಕ್ಕೆ ಕರ್ಮ ಅನ್ನುತ್ತಾರೆ. ಆರು ವರ್ಷದ ಮಗುವಿಗೆ ಎಂಥ ಕರ್ಮ? ನನಗೆ ಆ ಕಷ್ಟವಿಲ್ಲ. ಕಲ್ಲಿಗೆ ನಮ್ಮ ಮೇಲೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. ಚಂದ ಕಂಡರೆ ನೋಡಬೇಕು, ನೀರು ಕೆಟ್ಟಿದ್ದರೆ ಪರೀಕ್ಷೆ ಮಾಡಿಸಿ ಹೊಳೆನೀರಿನ ಪೈಪು ಹಾಕಿಸಬೇಕು.

“ಕೈ ಮುಗಿಯಬೇಕು ಅಂತ ಅನಿಸೋದೇ ಇಲ್ವಾ?” ಅಂತ ಕೆಲವರು ಕೊನೆಗೆ ಕೇಳುತ್ತಾರೆ. ಎದೆ ತುಂಬಿ ಬರುತ್ತದೆ, ಅದು ನಿಜ. ಅದಕ್ಕೊಂದು ವಿಳಾಸ ಬೇಕು ಅಂತ ಅನಿಸುವುದಿಲ್ಲ. ಕೈ ಮುಗಿಯುವವರ ಜೊತೆ ಜಗಳವೂ ಇಲ್ಲ. ಅಂಜನಾದ್ರಿ ಮೆಟ್ಟಿಲು ನಾನೂ ಹತ್ತುತ್ತೇನೆ, ಪ್ರಸಾದ ಕೊಟ್ಟರೆ ತಿನ್ನುತ್ತೇನೆ. ಇನ್ನೂ ವಾದ ಮಾಡಬೇಕು ಅನ್ನುವವರು ಸುಮ್ನೆ ಹಿರೇಬೆಣಕಲ್‌ಗೆ ಬನ್ನಿ. ಬಿಸಿಲೇರುವ ಮುಂಚೆ ಹೊರಡೋಣ, ನೀರಿನ ಬಾಟ್ಲಿ ನಿಮ್ಮದು ನೀವೇ ತನ್ನಿ. ಗುಡ್ಡ ಹತ್ತುವಷ್ಟರಲ್ಲಿ ವಾದ ಮಾಡೋಕೆ ಇಬ್ಬರಿಗೂ ಉಸಿರು ಉಳಿದಿರುವುದಿಲ್ಲ.