ದಿನಚರಿ: ಸೊಸೆಯ ರೈಫಲಿಗೆ ಬ್ಯಾರಲ್ ಆರಿಸಿದ ಭಾನುವಾರ

ಮಲ್ಲೇಶ್ವರಂ, ಬೆಂಗಳೂರು
ಭಾನುವಾರ, 9 ನವೆಂಬರ್ 2025

ಬೆಳಿಗ್ಗೆ ಏಳೂವರೆಗೆ ಸೊಸೆಯ ವಿಡಿಯೊ ಕರೆ ಬಂದಾಗ ಅಮೆರಿಕದ ಆಸ್ಟಿನ್‌ನಲ್ಲಿ ಶನಿವಾರ ರಾತ್ರಿ ಎಂಟು ಗಂಟೆ. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಅವಳು ಜೋಡಿಸಿಕೊಳ್ಳುತ್ತಿರುವ .22 ಸೆಮಿ ಆಟೊಮ್ಯಾಟಿಕ್ ರೈಫಲಿನ (ಬಾಯಿ ಸುಮಾರು 0.22 ಇಂಚು, ಒಂದು ಗುಂಡು ಹಾರಿದ ಮೇಲೆ ಮುಂದಿನ ತೋಟಾ ತಾನೇ ಒಳಸೇರುತ್ತದೆ) ವಿಚಾರವನ್ನು ನಾವಿಬ್ಬರೂ ಎರಡು ತಿಂಗಳಿಂದ ಮಾತಾಡಿಕೊಂಡು ಬಂದಿದ್ದೇವೆ. ಇವತ್ತು ಅವಳು ರೈಫಲನ್ನು ಬೋಲ್ಟ್ (ಬ್ಯಾರಲಿನ ಹಿಂಬದಿ ಮುಚ್ಚುವ ಉಕ್ಕಿನ ತುಂಡು) ತೆರೆದು ಮೇಜಿನ ಮೇಲಿಟ್ಟು, ಕ್ಯಾಮೆರಾದ ಮುಂದೆ ಒಂದೇ ಒಂದು ತೋಟಾವನ್ನು ಹಿಡಿದಳು. ಈಗಿರುವ ಬ್ಯಾರಲಿನ ಚೇಂಬರಿಗೆ (ತೋಟಾ ಕೂರುವ ಗೂಡಿಗೆ) ಹೋಗಿ, ಸಿಡಿಯದೆ, ಬೋಲ್ಟನ್ನು ಕೈಯಿಂದ ಎಳೆದು ಹೊರತೆಗೆದ ತೋಟಾ ಅದು. ನಿಧಾನವಾಗಿ ತಿರುಗಿಸಲು ಹೇಳಿದೆ. ಹಿತ್ತಾಳೆಯ ಅಂಚಿನಿಂದ ತುಸು ಮುಂದೆ, ಬೂದು ಬಣ್ಣದ ಸೀಸದ ಮೇಲೆ, ಸೂಜಿಯಿಂದ ಗೀರಿದಂಥ ಗೆರೆಗಳು ಸುತ್ತಲೂ ಸಮಾನ ಅಂತರದಲ್ಲಿ ಮೂಡಿದ್ದವು. ದೀಪದ ಬೆಳಕು ಓರೆಯಾಗಿ ಬಿದ್ದಾಗ ಪ್ರತಿ ಗೆರೆಯ ಪಕ್ಕದಲ್ಲಿ ಮೇಲೆದ್ದ ಸೀಸದ ಅಂಚೂ ಕಾಣುತ್ತಿತ್ತು. ಗುಂಡು ಹಾರುವ ಮೊದಲೇ ಬ್ಯಾರಲಿನೊಳಗಿನ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು) ಅದನ್ನು ಕಚ್ಚಿ ಹಿಡಿದಿತ್ತು. ಅವಳ ರೈಫಲ್ ಐದಾರು ಹೊಡೆತಕ್ಕೊಮ್ಮೆ ಏಕೆ ತಡವರಿಸುತ್ತಿದೆ ಎಂಬುದು ನನಗೆ ಆಗ ಖಚಿತವಾಯಿತು.

ನನ್ನ ಬದುಕೆಲ್ಲ ಪೀಣ್ಯದ ಟೂಲ್ ರೂಮುಗಳಲ್ಲಿ ಕಳೆದದ್ದು, ಬಂದೂಕಿನ ಕೆಲಸವನ್ನು ನಾನು ಎಂದೂ ಮಾಡಿದವನಲ್ಲ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯ .22 ಬೋಲ್ಟ್ ಆ್ಯಕ್ಷನ್ ರೈಫಲಿನಲ್ಲಿ ಗುರಿ ಹೊಡೆದದ್ದೇ ನನ್ನ ಅನುಭವ. ಸೊಸೆ ಕೊಡಗಿನವಳು. ಕೈಲ್‌ಪೊಳ್ದ್ ಹಬ್ಬ ಬಂದರೆ ಮನೆಯ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ನಿಲ್ಲುವ ಮನೆತನದವಳು. ನಮ್ಮ ದೇಶದಲ್ಲಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕನ್ನು ತಯಾರಿಸಲು ಮಾತ್ರವಲ್ಲ, ಮಾರ್ಪಡಿಸಲು, ದುರಸ್ತಿ ಮಾಡಲು ಕೂಡ ಪರವಾನಗಿ ಬೇಕು. ಅದು ಸರಿಯಾದ ಕಟ್ಟುಪಾಡು ಎಂದೇ ನಾನು ನಂಬಿದ್ದೇನೆ. ಅಲ್ಲಿನ ಕಾನೂನಿನಲ್ಲಿ ಕ್ರಮಸಂಖ್ಯೆಯಿರುವ ರಿಸೀವರನ್ನೇ (ಬೋಲ್ಟ್, ಬ್ಯಾರಲ್‌ಗಳು ಕೂರುವ ನಡುಭಾಗ) ಬಂದೂಕು ಎಂದು ಎಣಿಸುತ್ತಾರೆ. ಅದನ್ನು ಅವಳು ಪರವಾನಗಿಯುಳ್ಳ ಅಂಗಡಿಯಲ್ಲಿ ಹಿನ್ನೆಲೆ ಪರಿಶೀಲನೆ ಮುಗಿಸಿ ಕೊಂಡಿದ್ದಾಳೆ. ಬ್ಯಾರಲ್, ಟ್ರಿಗರ್, ಹೆಗಲಿಗೊರಗಿಸುವ ಸ್ಟಾಕ್‌ಗಳನ್ನು ಮನೆಗೇ ತರಿಸಿಕೊಳ್ಳಬಹುದು. ನನ್ನ ಪಾಲಿನದು ಇಲ್ಲಿ ಕುಳಿತು ಗ್ರಾಫ್ ಹಾಳೆಯ ಮೇಲೆ ಅಳತೆ ಬರೆದು ಯೋಚಿಸುವುದಷ್ಟೇ.

ಅವಳು ಆರಿಸಿಕೊಂಡದ್ದು ರೂಗರ್ ಕಂಪನಿ 1964ರಲ್ಲಿ ಹೊರತಂದ 10/22 ಮಾದರಿಯ ಮೇಲೆ ನಿಂತ ರಚನೆ. ಈ ಮಾದರಿಗೆ ಇಷ್ಟೊಂದು ಕಂಪನಿಗಳು ಬಿಡಿಭಾಗ ಮಾಡುವುದಕ್ಕೆ ಕಾರಣ ಅದರ ಬ್ಯಾರಲ್ ಕೂರುವ ಬಗೆ. ಹೆಚ್ಚಿನ ರೈಫಲ್‌ಗಳಲ್ಲಿ ಬ್ಯಾರಲನ್ನು ರಿಸೀವರಿಗೆ ತಿರುಪಿನಂತೆ ತಿರುಗಿಸಿ ಬಿಗಿದಿರುತ್ತಾರೆ. ಇದರಲ್ಲಿ ಬ್ಯಾರಲಿನ ಬುಡ ರಿಸೀವರಿನ ರಂಧ್ರಕ್ಕೆ ನುಣುಪಾಗಿ ಜಾರಿ ಕೂರುತ್ತದೆ, ಕೆಳಗಿನಿಂದ ವಿ ಆಕಾರದ ಒಂದು ತುಂಡು ಎರಡು ಸ್ಕ್ರೂಗಳ ಬಲದಿಂದ ಅದನ್ನು ಹಿಂದಕ್ಕೆಳೆದು ಹಿಡಿಯುತ್ತದೆ. ಅಲೆನ್ ಕೀ ಇದ್ದವರು ಮನೆಯಲ್ಲೇ ಬದಲಿಸಬಹುದು. ಮೆಷಿನಿಸ್ಟನ ಕಣ್ಣಿಗೆ ಇದು ಜಾಣ ರಚನೆ, ಆದರೆ ಪೂರ್ತಿ ನೆಮ್ಮದಿ ಕೊಡುವ ರಚನೆಯಲ್ಲ. ಅಲ್ಯೂಮಿನಿಯಂ ರಿಸೀವರಿನ ಒಂದೇ ತುದಿಗೆ ಭಾರವಾದ ಉಕ್ಕಿನ ಬ್ಯಾರಲನ್ನು ತೂಗುಹಾಕಿ, ಎಳೆಯುವ ಬಲವನ್ನೂ ಕೆಳಗಿನಿಂದಲೇ ಕೊಟ್ಟರೆ ಬ್ಯಾರಲಿನ ಮೂತಿ ಕೂದಲೆಳೆಯಷ್ಟು ಕೆಳಕ್ಕೆ ಬಾಗುತ್ತದೆ. ಆದ್ದರಿಂದ ಬುಡಕ್ಕೂ ರಂಧ್ರಕ್ಕೂ ನಡುವಿನ ಫಿಟ್ ಎಷ್ಟು ಬಿಗಿಯಾಗಿದ್ದರೂ ಒಳ್ಳೆಯದೇ. ಇಲ್ಲಿ ಬಿಗಿ ಬೇಕು.

ಚೇಂಬರಿನಲ್ಲಿ ಮಾತ್ರ ಅದೇ ಬಿಗಿ ಬೇಡ, ಅವಳ ಮೊದಲ ಬ್ಯಾರಲ್ ಎಡವಿದ್ದು ಅಲ್ಲಿಯೇ. ಮಾರಿದವರು ಅದನ್ನು ಸ್ಪರ್ಧೆಯ ಮ್ಯಾಚ್ ಚೇಂಬರ್ ಎಂದು ಹೊಗಳಿದ್ದರು, ಸೆಮಿ ಆಟೊಗೆ ಹೊಂದುತ್ತದೆಯೇ ಎಂದು ಅವಳು ಪತ್ರ ಬರೆದು ಕೇಳಿದಾಗ ಧಾರಾಳವಾಗಿ ಹೊಂದುತ್ತದೆ ಎಂದಿದ್ದರು. ಕೈಯಿಂದ ಬೋಲ್ಟ್ ಮುಚ್ಚುವ ರೈಫಲಿನಲ್ಲಿ ಬಿಗಿ ಚೇಂಬರ್ ನಿಜಕ್ಕೂ ಒಳ್ಳೆಯದು. ಗುಂಡು ರೈಫ್ಲಿಂಗಿನ ಬಾಯಿಗೆ ನೇರವಾಗಿ ಕೂತಿರುತ್ತದೆ, ಕೂರಿಸಲು ಬೇಕಾದ ಬಲವನ್ನು ನಮ್ಮ ಕೈ ಕೊಡುತ್ತದೆ. 10/22ರದು ಬ್ಲೋಬ್ಯಾಕ್ ಕ್ರಮ. ಬೋಲ್ಟನ್ನು ಕಚ್ಚಿ ಬೀಗ ಹಾಕುವ ಭಾಗವೇ ಅದರಲ್ಲಿ ಇಲ್ಲ. ಮುಚ್ಚಿ ಹಿಡಿಯುವುದು ಬೋಲ್ಟಿನ ತೂಕ ಮತ್ತು ಒಂದು ಸಣ್ಣ ಸ್ಪ್ರಿಂಗ್ ಮಾತ್ರ, ಹಿಂದಕ್ಕೆ ತಳ್ಳುವುದು ಖಾಲಿ ತೋಟಾದ ತಳವನ್ನು ಒತ್ತುವ ಅನಿಲ. ಚೇಂಬರ್ ಬಿಗಿಯಾಗಿದ್ದರೆ ಆ ಸಣ್ಣ ಸ್ಪ್ರಿಂಗೇ ಮೆದು ಸೀಸವನ್ನು ರೈಫ್ಲಿಂಗಿಗೆ ಒತ್ತಿ ಕೂರಿಸಬೇಕಾಗುತ್ತದೆ. ಹತ್ತಿಪ್ಪತ್ತು ಗುಂಡು ಹಾರಿ ಮೇಣವೂ ಮಸಿಯೂ ಕಟ್ಟಿಕೊಂಡ ಮೇಲೆ ಅದಕ್ಕೆ ಆ ಶಕ್ತಿ ಸಾಲದು, ಬೋಲ್ಟ್ ಅರ್ಧ ಮಿಲಿಮೀಟರ್ ಹಿಂದೆಯೇ ನಿಲ್ಲುತ್ತದೆ.

ಬೋಲ್ಟ್ ಪೂರ್ತಿ ಮುಚ್ಚದೆ ತೋಟಾ ಸಿಡಿದರೆ ಆಸರೆಯಿಲ್ಲದ ತೆಳು ಹಿತ್ತಾಳೆ ಒಡೆದು ಬಿಸಿ ಅನಿಲ ಮುಖದ ಕಡೆಗೇ ನುಗ್ಗುತ್ತದೆ. .22ರಂಥ ರಿಮ್‌ಫೈರ್ ತೋಟಾದಲ್ಲಿ ಸಿಡಿಮದ್ದು ಇರುವುದು ತಳದ ಅಂಚಿನ ಮಡಿಕೆಯೊಳಗೆ. ಪಿನ್ ಆ ಅಂಚನ್ನು ಹೊಡೆದು ಜಜ್ಜಬೇಕು ಎಂದೇ ಅಲ್ಲಿನ ಹಿತ್ತಾಳೆಯನ್ನು ತೆಳುವಾಗಿ ಮಾಡಿರುತ್ತಾರೆ. ಇನ್ನೊಂದು ತೊಂದರೆಯನ್ನು ಅವಳು ಹೋದ ವಾರವೇ ಕಂಡಿದ್ದಾಳೆ. ಸಿಡಿಯದ ತೋಟಾವನ್ನು ಹೊರಗೆಳೆದಾಗ ಹಿತ್ತಾಳೆ ಮಾತ್ರ ಬಂದು ಗುಂಡು ಬ್ಯಾರಲಿನಲ್ಲೇ ಉಳಿದು, ಮದ್ದಿನ ಕಾಳುಗಳು ಟ್ರಿಗರಿನ ಸಂದಿಯಲ್ಲೆಲ್ಲ ಚೆಲ್ಲಿದ್ದವು. ಅವಳು ಅಲ್ಲಿಗೇ ನಿಲ್ಲಿಸಿ, ಬ್ಯಾರಲಿನಲ್ಲಿ ಕಡ್ಡಿ ಹಾಯಿಸಿ ನೋಡಿ, ಮನೆಗೆ ಹೊರಟದ್ದನ್ನು ಕೇಳಿ ನನಗೆ ಸಮಾಧಾನವಾಯಿತು. ಒಳಗೆ ಗುಂಡು ಉಳಿದಿರುವಾಗ ಇನ್ನೊಂದನ್ನು ಹಾರಿಸಿದರೆ ಬ್ಯಾರಲ್ ಉಬ್ಬಿಹೋಗುತ್ತದೆ.

ಇದನ್ನೆಲ್ಲ ಕೇಳುತ್ತಿದ್ದಾಗ ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಾಡಿದ, ತಗಡನ್ನು ಒತ್ತಿ ರೂಪಿಸುವ ಒಂದು ಪ್ರೆಸ್ ಡೈ ನೆನಪಾಯಿತು. ಅದನ್ನು ನೇರವಾಗಿ ನಡೆಸುವ ಗೈಡ್ ಪಿಲ್ಲರನ್ನು (ಕಂಬವನ್ನು) ಅದು ಜಾರುವ ಬುಷ್‌ಗೆ (ಬಳೆಗೆ) ಎಷ್ಟು ಬಿಗಿಯಾಗಿ ಕೂರಿಸಿದ್ದೆನೆಂದರೆ, ತಣ್ಣಗಿರುವಾಗ ಎಣ್ಣೆ ಹಾಕಿದಂತೆ ಜಾರುತ್ತಿದ್ದದ್ದು ಒಂದು ಗಂಟೆ ಓಡಿ ಬಿಸಿಯಾದಾಗ ಹಿಡಿದುಕೊಂಡು ಪಿಲ್ಲರಿನ ಮೈಯೆಲ್ಲ ಸುಲಿದುಹೋಯಿತು. ತಾನೇ ಚಲಿಸಬೇಕಾದ ಜಾಗದಲ್ಲಿ ಕೊಳೆಗೂ ಕಾವಿಗೂ ಎಡೆ ಬಿಡಬೇಕೆಂದು ಅಂದು ಫೋರ್‌ಮನ್ ಹೇಳಿದ ಮಾತನ್ನೇ ಇವತ್ತು ಸೊಸೆಗೆ ಹೇಳಿದೆ. ಆದ್ದರಿಂದ ಹೊಸ ಬ್ಯಾರಲಿಗೆ ಬೆಂಟ್ಜ್ ಚೇಂಬರ್ ಇರಲೇಬೇಕೆಂದು ತೀರ್ಮಾನವಾಯಿತು. ಸಾಮಾನ್ಯ ಸ್ಪೋರ್ಟಿಂಗ್ ಚೇಂಬರಿಗಿಂತ ಬಿಗಿಯಾಗಿ, ಮ್ಯಾಚ್ ಚೇಂಬರಿಗಿಂತ ಸಡಿಲವಾಗಿ, ಸಿಡಿಯದ ತೋಟಾವನ್ನು ಸರಾಗವಾಗಿ ಹಿಂದೆಗೆಯಲು ಬರುವಂತೆ, ಸೆಮಿ ಆಟೊ ರೈಫಲ್‌ಗಳಿಗಾಗಿಯೇ ರೂಪಿಸಿದ ಅಳತೆ ಅದು.

ಬ್ಯಾರಲಿನ ದಪ್ಪದ ಬಗ್ಗೆ ನಮ್ಮಲ್ಲಿ ಒಮ್ಮತವಿರಲಿಲ್ಲ. 0.920 ಇಂಚಿನ, ಅಂದರೆ 23.4 ಮಿಲಿಮೀಟರ್ ವ್ಯಾಸದ, ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಬುಲ್ ಬ್ಯಾರಲ್ ತೆಗೆದುಕೋ ಎಂದು ನಾನು ಹೇಳುತ್ತ ಬಂದಿದ್ದೆ. ಮರಳಿನ ಚೀಲದ ಮೇಲಿಟ್ಟು ಹೊಡೆಯುವವರಿಗೆ ಅದರ ತೂಕವೇ ಸ್ಥಿರತೆ. ಆದರೆ ಅವಳು ಅರ್ಧ ಹೊತ್ತು ನಿಂತೇ ಹೊಡೆಯುವವಳು. "ಮಾವ, ನಾಲ್ಕು ಕಿಲೋ ಹೆಗಲಿಗೇರಿಸಿ ನಿಲ್ಲುವುದು ನಾನು ತಾನೇ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತುದಿಗೆ ಹೋದಂತೆ ಸಣ್ಣಗಾಗುವ, 18 ಇಂಚು ಉದ್ದದ, ಹದಿನಾರು ಇಂಚಿಗೆ ಒಂದು ಸುತ್ತಿನ ರೈಫ್ಲಿಂಗ್ ಇರುವ ಸ್ಟೇನ್‌ಲೆಸ್ ಬ್ಯಾರಲಿಗೆ ಒಪ್ಪಿಕೊಂಡೆವು. .22 ತೋಟಾದ ಅಲ್ಪ ಮದ್ದು ತನ್ನ ಕೆಲಸವನ್ನು ಸುಮಾರು 16 ಇಂಚಿನೊಳಗೇ ಮುಗಿಸಿಬಿಡುವುದರಿಂದ ಇನ್ನೂ ಉದ್ದ ಮಾಡಿ ಪ್ರಯೋಜನವಿಲ್ಲ. ಮುಂಭಾರ ಕಡಿಮೆಯಾದಷ್ಟು ಬ್ಯಾರಲ್ ಬಾಗುವ ಚಿಂತೆಯೂ ಕಡಿಮೆಯಾಗುತ್ತದೆ. ಈಗ ಯೋಚಿಸಿದರೆ ಅವಳ ಆಯ್ಕೆಯೇ ಸರಿ.

ರಿಸೀವರಿನ ವಿಷಯದಲ್ಲಿ ಅವಳು ಮೊದಲೇ ಮಾಡಿದ ಒಂದು ನಿರ್ಧಾರ ನನಗೆ ಬಹಳ ಹಿಡಿಸಿದೆ. ಸಾಮಾನ್ಯ ಫ್ಯಾಕ್ಟರಿ ರಿಸೀವರಿನ ಹಿಂಬದಿ ಮುಚ್ಚಿರುವುದರಿಂದ ಬ್ಯಾರಲನ್ನು ಶುಚಿಮಾಡುವ ಕಡ್ಡಿಯನ್ನು ಮೂತಿಯಿಂದಲೇ ತೂರಿಸಬೇಕು. ಗುಂಡು ಕೊನೆಗೆ ಬಿಟ್ಟು ಹೋಗುವ ಆ ದುಂಡನೆಯ ಅಂಚು ಕಡ್ಡಿ ಉಜ್ಜಿ ಒಂದು ಬದಿಗೆ ಸವೆದರೆ, ಹಿಂದಿನಿಂದ ಒತ್ತುವ ಅನಿಲ ಆ ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಓರೆಯಾಗಿಸುತ್ತದೆ. ಅವಳು ಕೊಂಡ ರಿಸೀವರಿನ ಹಿಂಬದಿಯಲ್ಲಿ ಕಡ್ಡಿ ಹಾಯಿಸಲು ಸಣ್ಣ ರಂಧ್ರವಿದೆ. ಬೋಲ್ಟನ್ನು ಎಳೆಯುವ, ಹೊಳೆಯುವ ಬಣ್ಣದ ಚಾರ್ಜಿಂಗ್ ಹ್ಯಾಂಡಲ್‌ಗಳಿಗೆ ಜನ ಕೊಡುವ ಹಣದ ಕಾಲುಭಾಗವನ್ನು ಇಂಥ ರಂಧ್ರಕ್ಕೆ ಕೊಟ್ಟರೆ ಬ್ಯಾರಲ್‌ಗಳು ಎಷ್ಟೋ ಹೆಚ್ಚು ಬಾಳುತ್ತವೆ.

ಬೋಲ್ಟನ್ನು ಸದ್ಯಕ್ಕೆ ಬದಲಿಸುವುದು ಬೇಡವೆಂದೆ, ಆದರೆ ಅಳೆದು ನೋಡಲು ಹೇಳಿದೆ. ರಿಮ್‌ಫೈರ್‌ನಲ್ಲಿ ಹೆಡ್‌ಸ್ಪೇಸ್ ಎಂದರೆ ತೋಟಾದ ಅಂಚಿಗೆ ಬಿಟ್ಟ ಜಾಗ. ಅದರ ಕನಿಷ್ಠ ಅಳತೆ 0.043 ಇಂಚು, ಅಂದರೆ 1.09 ಮಿಲಿಮೀಟರ್. ಬೋಲ್ಟಿನ ಮುಖದ ತಗ್ಗನ್ನು ಡೆಪ್ತ್ ಮೈಕ್ರೊಮೀಟರಿನಿಂದ ಮೂರು ಜಾಗದಲ್ಲಿ ಅಳೆದು ಕಳಿಸುತ್ತೇನೆಂದಿದ್ದಾಳೆ. ತೋಟಾವನ್ನು ಚೇಂಬರಿನಿಂದ ಹೊರಗೆಳೆಯುವ ಕೊಕ್ಕೆ, ಎಕ್ಸ್‌ಟ್ರ್ಯಾಕ್ಟರ್, ಮಾತ್ರ ಚೂಪಾದ ಅಂಚಿನದು ಬರಲಿ. ಬೋಲ್ಟ್ ಹಿಂದೆ ಹೋಗಿ ಬಡಿಯುವ ಉಕ್ಕಿನ ಪಿನ್ನಿನ ಬದಲು ಪಾಲಿಯುರಿಥೇನ್ ಬಫರ್ ಹಾಕಿದರೆ ಆ ಟಕ್ಕೆಂಬ ಪೆಟ್ಟು ತಗ್ಗಿ ಗುರಿಗಾಗಿ ರೈಫಲಿನ ಮೇಲೆ ಕೂರಿಸುವ ದೂರದರ್ಶಕಕ್ಕೂ ಒಳ್ಳೆಯದು, ಬೆಲೆಯೂ ಅತ್ಯಲ್ಪ. ಮ್ಯಾಗಜೀನನ್ನು ಮುಟ್ಟುವುದೇ ಬೇಡ. ಹತ್ತು ತೋಟಾಗಳು ಚಕ್ರದಂತೆ ತಿರುಗಿ ಬರುವ ಆ ಫ್ಯಾಕ್ಟರಿ ಮ್ಯಾಗಜೀನಿಗಿಂತ ನಂಬಿಕಸ್ಥವಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಟ್ರಿಗರ್ ಅವಳ ಬಹುದಿನದ ಆಸೆ. ಫ್ಯಾಕ್ಟರಿಯದು ಎಳೆಯಲು ಸುಮಾರು ಆರು ಪೌಂಡ್, ಎಂದರೆ ಎರಡೂಮುಕ್ಕಾಲು ಕಿಲೋ ಬಲ ಕೇಳುತ್ತದೆ. ಕಿಡ್, ಟಿಮ್ನಿ, ವೋಲ್ಕ್‌ವಾರ್ಟ್‌ಸೆನ್ ಕಂಪನಿಗಳ ದುಬಾರಿ ಟ್ರಿಗರ್‌ಗಳ ಪಟ್ಟಿಯನ್ನೇ ಅವಳು ಮಾಡಿದ್ದಳು. ರೂಗರ್‌ನವರದೇ ಬಿಎಕ್ಸ್ ಟ್ರಿಗರ್ ಸುಮಾರು 2.75 ಪೌಂಡಿನದು, ಬೆಲೆಯಲ್ಲೂ ಅವುಗಳಿಗಿಂತ ಬಹಳ ಕಡಿಮೆ. ಅದನ್ನೇ ತೆಗೆದುಕೊಂಡು ಉಳಿದ ಹಣದಲ್ಲಿ ತೋಟಾ ಕೊಳ್ಳು ಎಂದೆ. ಒಳಗಿನ ಭಾಗಗಳನ್ನು ಉಜ್ಜಿ ಹಗುರ ಮಾಡಿಕೊಳ್ಳುವ ವಿಡಿಯೊಗಳನ್ನು ಅವಳು ನೋಡಿದ್ದಾಳಂತೆ. ಅದನ್ನು ಮಾಡಕೂಡದೆಂದು ಖಡಾಖಂಡಿತವಾಗಿ ಹೇಳಿದ್ದೇನೆ. ಆ ಭಾಗಗಳು ಒಂದನ್ನೊಂದು ಹಿಡಿಯುವ ಮೂಲೆಗಳ ಮೇಲಿನ ಗಟ್ಟಿಪದರ ತೀರ ತೆಳುವಾದದ್ದು, ಅದು ಸವೆದರೆ ಬೆರಳು ತಾಕದೆಯೂ ರೈಫಲ್ ಸಿಡಿಯಬಹುದು.

ಸ್ಟಾಕಿನ ಮಾತು ಐದು ನಿಮಿಷದಲ್ಲಿ ಮುಗಿಯಿತು. ಅವಳ ತೋಳಿನ ಅಳತೆಗೆ ಹಿಂಬದಿಯ ಉದ್ದವನ್ನು ಹೊಂದಿಸಿಕೊಳ್ಳಬಹುದಾದ, ತೆಳು ಬ್ಯಾರಲಿಗೂ ದಪ್ಪ ಬ್ಯಾರಲಿಗೂ ತಿರುಗಿಸಿ ಹಾಕುವ ತಟ್ಟೆಯಿರುವ ಮ್ಯಾಗ್‌ಪುಲ್‌ನವರ ಪಾಲಿಮರ್ ಸ್ಟಾಕ್ ಸಾಕು.

ತೋಟಾದ ಮಾತು ಅಷ್ಟು ಬೇಗ ಮುಗಿಯಲಿಲ್ಲ. ಸೆಕೆಂಡಿಗೆ ಸುಮಾರು 376 ಮೀಟರ್ ವೇಗದ ತೋಟಾಗಳನ್ನು ಅವಳು ಇಷ್ಟು ದಿನ ಬಳಸುತ್ತಿದ್ದಳು. 20 ಡಿಗ್ರಿ ಗಾಳಿಯಲ್ಲಿ ಶಬ್ದದ ವೇಗ 343 ಮೀಟರ್. ಆ ಗುಂಡು ಐವತ್ತು ಗಜ ತಲುಪುವಷ್ಟರಲ್ಲಿ ಶಬ್ದದ ವೇಗದ ಗಡಿಯ ಬಳಿಗೆ ಇಳಿಯುತ್ತದೆ, ಅಲ್ಲಿನ ಗಾಳಿಯ ಕಲಕಾಟ ಅದರ ದಾರಿಯನ್ನು ಅಲುಗಿಸುತ್ತದೆ. 326 ಮೀಟರಿನ ಸ್ಟ್ಯಾಂಡರ್ಡ್ ವೇಗದ್ದು ಮೊದಲಿನಿಂದಲೂ ಗಡಿಯ ಕೆಳಗೇ ಇರುತ್ತದೆ. ಮೂರು ತಯಾರಕರ ಸ್ಟ್ಯಾಂಡರ್ಡ್ ತೋಟಾಗಳನ್ನು ತಂದು, ಪ್ರತಿಯೊಂದರಲ್ಲೂ ಐದು ಗುಂಡಿನ ಐದೈದು ಗುಂಪುಗಳನ್ನು ಹೊಡೆದು, ಇಪ್ಪತ್ತೈದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದೆ. ಚೆನ್ನಾಗಿ ಬಂದ ಒಂದೇ ಗುಂಪಿನ ಚಿತ್ರ ಕಳಿಸಿದರೆ ನಾನು ಒಪ್ಪುವುದಿಲ್ಲ. ಐವತ್ತು ಗಜದಲ್ಲಿ ಗುಂಪಿನ ಅಗಲ ಸರಾಸರಿ 13 ಮಿಲಿಮೀಟರಿನೊಳಗೆ ಬಂದರೆ ಈ ರೈಫಲಿನಿಂದ ಹೆಚ್ಚು ಕೇಳಬೇಕಾಗಿಲ್ಲ.

ಕರೆ ಮುಗಿಯುವ ಮುನ್ನ ಅವಳು ನನ್ನೆದುರಿಗೇ ಬ್ಯಾರಲಿಗೆ ಆರ್ಡರ್ ಹಾಕಿದಳು, ಬೆಂಟ್ಜ್ ಎಂಬ ಸಾಲನ್ನು ಎರಡು ಸಲ ಓದಿ ಹೇಳಿದಳು. ಟ್ರಿಗರ್ ಮತ್ತು ಸ್ಟಾಕ್ ಈ ಬ್ಯಾರಲ್ ಬಂದು ಇನ್ನೂರು ಗುಂಡು ತಡವರಿಸದೆ ಹಾರಿದ ಮೇಲೆ. ಗೀರುಬಿದ್ದ ತೋಟಾವನ್ನು ಅವಳು ಬೇರೆ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ. ಹೊಸ ಚೇಂಬರಿನಿಂದ ಮೊದಲು ಹೊರತೆಗೆದ ತೋಟಾವನ್ನು ಅದರ ಪಕ್ಕದಲ್ಲಿಟ್ಟು, ಅದೇ ಓರೆ ಬೆಳಕಿನಲ್ಲಿ ನನಗೆ ತೋರಿಸಬೇಕು.