45ರಲ್ಲಿ 18 ಕಳೆದರೆ

ನಾನು ನಮ್ಮ ಕಾಲೇಜಿಗೆ ಬಿ.ಎಸ್ಸಿ. ಸೇರಿದ್ದು 1996ರಲ್ಲಿ. ಝುವಾಲಜಿ ಲ್ಯಾಬಿನ ಬಾಗಿಲ ಪಕ್ಕ ಒಂದು ನೋಟಿಸ್ ಬೋರ್ಡ್ ಇತ್ತು. ಫೀಸು, ಅಟೆಂಡೆನ್ಸ್ ಶಾರ್ಟೇಜು ಬಿಟ್ಟರೆ ಅದರಲ್ಲಿ ಬೇರೇನೂ ಇರುತ್ತಿರಲಿಲ್ಲ. ವರ್ಷಕ್ಕೊಂದು ಸಲ ಮಾತ್ರ ಮೇಷ್ಟ್ರು ಮೈದಾ ಅಂಟು ಬಳಿದು ಒಂದು ಪೇಪರ್ ಕಟಿಂಗ್ ಅಂಟಿಸುತ್ತಿದ್ದರು. ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಬಂದವರ ಪಟ್ಟಿ. ಸಾಮಾನ್ಯವಾಗಿ ಅದನ್ನು ಕೊಡುತ್ತಿದ್ದ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್ ಹುಟ್ಟಿದ ದಿನ, ಸೆಪ್ಟೆಂಬರ್ 26ಕ್ಕೆ, ಅದು ಪ್ರಕಟವಾಗುತ್ತಿತ್ತು. ಫಿಸಿಕ್ಸ್, ಕೆಮಿಸ್ಟ್ರಿಯವರ ಗೊಡವೆ ಮೇಷ್ಟ್ರಿಗೆ ಬೇಡ. ವೈದ್ಯಕೀಯ ವಿಜ್ಞಾನದ ಸಾಲಿಗೆ ಮಾತ್ರ ಕೆಂಪು ಇಂಕಿನ ಗೆರೆ.

ಆ ವರ್ಷ ಗೆರೆ ಬಿದ್ದಿದ್ದು ನಿಮ್ಹಾನ್ಸ್‌ನ ವಿಜಯಲಕ್ಷ್ಮಿ ರವೀಂದ್ರನಾಥ್ ಹೆಸರಿಗೆ. ಹಿಂದಿನ ಬೆಂಚಿನಿಂದ ಯಾರೋ, "ಸರ್, ಅದು ಹುಚ್ಚಾಸ್ಪತ್ರೆ ಅಲ್ವಾ?" ಅಂದ. ಯಾರೋ ಏನು, ನಾನೇ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಬೈಯಲಿಲ್ಲ. ಮರುದಿನ ಮಟನ್ ಅಂಗಡಿಯಿಂದ ಒಂದು ಕುರಿಯ ಮೆದುಳು ತಂದು, ಟ್ರೇಯಲ್ಲಿಟ್ಟು, ನನ್ನನ್ನೇ ಮುಂದೆ ಕರೆದು ಅಂಗೈ ಮೇಲೆ ಇಟ್ಟರು. ತಣ್ಣಗಿತ್ತು. ಬೆಣ್ಣೆ ಮುದ್ದೆ ಥರ ಜಾರುತ್ತಿತ್ತು, ಬೀಳಿಸಿಬಿಟ್ಟರೆ ಏನು ಗತಿ ಅಂತ ಕೈ ನಡುಗುತ್ತಿತ್ತು. "ಔಷಧಿ ಅರಗಿಸೋದು ಬರೀ ಲಿವರ್ ಅಂದ್ಕೊಂಡಿದ್ದೀಯ. ಮೆದುಳೂ ತನ್ನ ಹತ್ತಿರ ಬಂದ ಔಷಧಿಯನ್ನ ತಾನೇ ಅರಗಿಸುತ್ತೆ ಕಣಯ್ಯಾ. ಆಯಮ್ಮ ಕೆಲಸ ಮಾಡಿರೋದು ಅದರ ಮೇಲೆ."

ಆಮೇಲೆ ಬೋರ್ಡಿನ ಮೇಲೆ 45ರಲ್ಲಿ 18 ಕಳೆದು 27 ಅಂತ ಬರೆದರು. ಈ ಪ್ರಶಸ್ತಿ 45 ವರ್ಷದೊಳಗಿನವರಿಗೆ ಮಾತ್ರ. ನನಗಾಗ 18. "ನಿನಗಿನ್ನೂ 27 ವರ್ಷ ಟೈಮಿದೆ, ಹೋಗಿ ಕೂತ್ಕೋ."

ನನಗೆ ಈ ಲೆಕ್ಕ ಈಗಲೂ ಇಷ್ಟ. ಹಲ್ಲೆಲ್ಲ ಉದುರಿದ ಮೇಲೆ ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವುದು ನಮ್ಮಲ್ಲಿ ಜಾಸ್ತಿ. ಕೆಲಸ ಇನ್ನೂ ಅರ್ಧದಲ್ಲಿರುವಾಗಲೇ ಬೆನ್ನು ತಟ್ಟುವುದು ಅಪರೂಪ, ಅಲ್ವಾ?

ನಾನೇನೂ ವಿಜ್ಞಾನಿ ಆಗಲಿಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತದ ಸ್ಲೈಡ್‌ಗೆ ಸ್ಟೈನ್, ಅಂದರೆ ಬಣ್ಣ, ಹಾಕಿ ನೋಡುತ್ತಾ ಕೂತಿದ್ದೇನೆ. 2018ರಲ್ಲಿ ಆ ಪ್ರಶಸ್ತಿ ಮತ್ತೆ ನಿಮ್ಹಾನ್ಸ್‌ಗೇ ಬಂತು, ಗಣೇಶನ್ ವೆಂಕಟಸುಬ್ರಮಣಿಯನ್ ಅವರಿಗೆ. ಸ್ಕಿಜೋಫ್ರೇನಿಯಾ ಅನ್ನೋ ಮನೋರೋಗದಲ್ಲಿ ಯಾರೂ ಇಲ್ಲದಿದ್ದರೂ ಯಾರೋ ಮಾತಾಡಿದ ಹಾಗೆ ಕೇಳಿಸುತ್ತಲ್ಲ, ಅದಕ್ಕೆ ತಲೆಯ ಮೇಲೆ ಒದ್ದೆ ಸ್ಪಂಜು ಕಟ್ಟಿ ಎರಡೇ ಮಿಲಿಆಂಪ್ ಕರೆಂಟ್ ಹಾಯಿಸುವ ಚಿಕಿತ್ಸೆಯ ಮೇಲೆ ಕೆಲಸ ಮಾಡಿದವರು. ಓದಿದ ತಕ್ಷಣ ಮೇಷ್ಟ್ರಿಗೆ ಫೋನ್ ಮಾಡಿದೆ. "ಹುಚ್ಚಾಸ್ಪತ್ರೆಗೇ ಬಂತಾ?" ಅಂತ ನಕ್ಕರು. ಮರೆತೇ ಇರಲಿಲ್ಲ! "ನಿನಗಿನ್ನೂ ಐದು ವರ್ಷ ಇದೆ ನೋಡು."

ಆ ಐದೂ ಮುಗಿದವು. 2024ರಿಂದ ಪ್ರಶಸ್ತಿಯ ಹೆಸರಿಗೆ ವಿಜ್ಞಾನ ಯುವ ಅಂತ ಸೇರಿದೆ, 45ರ ಗಡಿ ಮಾತ್ರ ಹಾಗೇ ಇದೆ. ಮೊನ್ನೆ ಫೋನಿನಲ್ಲಿ, "ಸರ್, ನಿಮ್ಮ ಲೆಕ್ಕದಲ್ಲಿ ನನ್ನ ಟೈಮ್ ಮುಗೀತು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ಟೈನ್ ಹಾಕಿದ ಮೇಲೆ ಸ್ಲೈಡ್ ಸರಿಯಾಗಿ ತೊಳೀತಿದ್ದೀಯಾ ಈಗಲಾದ್ರೂ?" ಅಂತ ಕೇಳಿದರು.